ಫಾಕ್ಸ್‌ಗ್ಲೋವ್ ಸೊರಗಿದರೆ ಮೊದಲು ಬುಡ ನೋಡಿ: ನೀಲಗಿರಿಯ ಕೈತೋಟಗಳಿಗೊಂದು ದೋಷ ನಿವಾರಣೆ ಕೈಪಿಡಿ

ಊಟಿಯಲ್ಲಿ ಮೇ ತಿಂಗಳ ಪುಷ್ಪ ಪ್ರದರ್ಶನ ಮುಗಿದು ಮುಂಗಾರಿನ ಗಾಳಿ ಬೀಸತೊಡಗಿತೆಂದರೆ, ಕೂನೂರು, ಕೋಟಗಿರಿ, ಗೂಡಲೂರುಗಳಲ್ಲಿರುವ ನಮ್ಮ ಕನ್ನಡದ ಮನೆಗಳಿಂದ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಗಂಟೆಯಾಕಾರದ ಹೂ ಬಿಡುವ ಫಾಕ್ಸ್‌ಗ್ಲೋವ್ ಗಿಡದ ಕುರಿತಾಗಿಯೇ ಇರುತ್ತವೆ. “ಮೊನ್ನೆವರೆಗೆ ಚೆನ್ನಾಗಿತ್ತು, ಇವತ್ತು ನೋಡಿದರೆ ಎಲೆಯೆಲ್ಲ ಜೋತು ಬಿದ್ದಿದೆ, ಯಾವ ಔಷಧಿ ಹೊಡೆಯಲಿ ಅಕ್ಕಾ?” ಎಂದೇ ಮಾತು ಶುರುವಾಗುತ್ತದೆ. ಔಷಧಿಯ ಹೆಸರು ಹೇಳುವ ಮೊದಲು ನಾನು ಕೇಳುವುದು ಒಂದೇ ಪ್ರಶ್ನೆ: ಬುಡದ ಮಣ್ಣನ್ನು ಬೆರಳಿನಿಂದ ಸರಿಸಿ ನೋಡಿದಿರಾ? ನೋಡಿದವರು ಅಪರೂಪ. ಈ ಗಿಡದಲ್ಲಿ ಎಲೆ ತೋರಿಸುವ ಕಷ್ಟದ ಮೂಲ ಬಹುಪಾಲು ಬುಡದಲ್ಲಿರುತ್ತದೆ, ಅಲ್ಲಿಲ್ಲವಾದರೆ ಗಿಡದ ವಯಸ್ಸಿನಲ್ಲಿರುತ್ತದೆ. ರೋಗ ಮತ್ತು ಹುಳುಗಳ ಸರದಿ ಆಮೇಲಿನದು. ಕೈಪಿಡಿಯನ್ನೂ ಅದೇ ಕ್ರಮದಲ್ಲಿ ಬರೆದಿದ್ದೇನೆ.

ಗಿಡಕ್ಕೆ ಕೈ ಹಾಕುವ ಮುನ್ನ ಕೈಗವಸು ತೊಟ್ಟುಕೊಳ್ಳಬೇಕು. ಫಾಕ್ಸ್‌ಗ್ಲೋವ್‌ನ ಎಲೆ, ಹೂವು, ಬೀಜ, ಬೇರು ಎಲ್ಲದರಲ್ಲೂ ಹೃದಯದ ಬಡಿತವನ್ನು ಏರುಪೇರು ಮಾಡುವ ವಿಷವಿದೆ; ಎಲೆ ಒಣಗಿದರೂ ಅದು ಉಳಿದಿರುತ್ತದೆ, ಹೂದಾನಿಯಲ್ಲಿಟ್ಟರೆ ಅದರ ನೀರಿಗೂ ಇಳಿಯುತ್ತದೆ. 1785ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಈ ಎಲೆಯಿಂದ ಮೈಬಾವಿಗೆ ಚಿಕಿತ್ಸೆ ಮಾಡಿದ ತನ್ನ ಅನುಭವವನ್ನು ಪ್ರಕಟಿಸಿದಾಗಲೂ ಪ್ರಮಾಣದ ವಿಚಾರವನ್ನೇ ಒತ್ತಿ ಹೇಳಿದ್ದ, ಏಕೆಂದರೆ ಮದ್ದಾಗುವ ಅಳತೆಗೂ ವಿಷವಾಗುವ ಅಳತೆಗೂ ನಡುವಿನ ಅಂತರ ತೀರ ಕಡಿಮೆ. ಹೃದಯದ ಮಾತ್ರೆಯನ್ನು ಇದೇ ಜಾತಿಯ ಗಿಡದಿಂದ ಮಾಡುತ್ತಾರಂತೆ ಎಂದು ಕೇಳಿ ಕಷಾಯದ ಯೋಚನೆ ಮಾಡುವವರು ನಮ್ಮಲ್ಲಿ ಇಲ್ಲದಿಲ್ಲವಾದ್ದರಿಂದ ಇಷ್ಟನ್ನು ಬರೆಯಬೇಕಾಯಿತು. ಹೂವಿಲ್ಲದ ಮೊದಲ ವರ್ಷದ ಗಿಡ ನೆಲಕ್ಕಂಟಿದ ಅಗಲ ಎಲೆಗಳ ಗುಚ್ಛವಷ್ಟೇ ಆಗಿರುವುದರಿಂದ, ಸೊಪ್ಪಿನ ಮಡಿಯ ಪಕ್ಕದಲ್ಲಿ ಇದನ್ನು ಎಂದೂ ನೆಡಬಾರದು. ಮಕ್ಕಳು ತಿಂದರೆಂಬ ಅನುಮಾನ ಬಂದರೆ, ವಾಂತಿ ಬರಲಿ ನೋಡೋಣವೆಂದು ಕಾಯದೆ, ಗಿಡದ ಒಂದು ಎಲೆಯನ್ನು ಚೀಲದಲ್ಲಿಟ್ಟುಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಗಿಡ ಬಾಡಿದೆ

ಬಾಡಿದ ಗಿಡವನ್ನು ಒಂದೇ ಹೊತ್ತಿನಲ್ಲಿ ನೋಡಿ ತೀರ್ಮಾನಕ್ಕೆ ಬರುವಂತಿಲ್ಲ. ಮಧ್ಯಾಹ್ನದ ಬಿಸಿಲಿಗೆ ಎಲೆ ಜೋತು, ಸಂಜೆ ತಂಪಾಗುತ್ತಲೇ ತಾನಾಗಿ ಎದ್ದು ನಿಂತರೆ ಅದು ನೀರಡಿಕೆ ಅಥವಾ ಬಿಸಿಲಿನ ಬಳಲಿಕೆ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗವನ್ನು ಮುಂದಿನ ಸಲ ಆರಿಸಿಕೊಂಡರೆ ಸಾಕು. ಬೆಳಿಗ್ಗೆ ಏಳು ಗಂಟೆಗೂ, ಮಣ್ಣು ಒದ್ದೆಯಾಗಿದ್ದರೂ ಎಲೆ ಜೋತೇ ಇದ್ದರೆ ಬೇರು ಕೆಲಸ ನಿಲ್ಲಿಸಿದೆ ಎಂದರ್ಥ. ಈ ವ್ಯತ್ಯಾಸವನ್ನು ಗಮನಿಸದೆ ಬಾಡಿದ್ದಕ್ಕೆಲ್ಲ ನೀರು ಹೊಯ್ಯುವುದರಿಂದಲೇ ಅರೆಜೀವವಾಗಿದ್ದ ಗಿಡ ಪೂರ್ತಿ ಸಾಯುತ್ತದೆ. ಡಿಸೆಂಬರ್, ಜನವರಿಯ ಹಿಮದ ಬೆಳಗುಗಳಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಊಟಿಯ ತಗ್ಗುಗಳಲ್ಲಿ ಹುಲ್ಲು ಬೆಳ್ಳಗಾದ ದಿನ ಫಾಕ್ಸ್‌ಗ್ಲೋವ್‌ನ ಎಲೆಯೂ ಬೇಯಿಸಿದ ಸೊಪ್ಪಿನಂತೆ ನೆಲಕ್ಕೊರಗಿರುತ್ತದೆ, ಹತ್ತು ಗಂಟೆಯ ಹೊತ್ತಿಗೆ ಏನೂ ನಡೆದೇ ಇಲ್ಲವೆಂಬಂತೆ ಎದ್ದಿರುತ್ತದೆ. ಯೂರೋಪಿನ ಹಿಮ ಕಂಡ ಗಿಡಕ್ಕೆ ನಮ್ಮ ಹಿಮ ಲೆಕ್ಕಕ್ಕಿಲ್ಲ.

ಕೂನೂರಿನಲ್ಲಿರುವ ನಮ್ಮ ದೊಡ್ಡಮ್ಮನ ತೋಟದಲ್ಲಿ ದೀಪಾವಳಿಯ ಮಳೆ ಕಳೆದ ಮೇಲೆ ಕಂಡದ್ದನ್ನು ಇಲ್ಲಿ ಹೇಳಬೇಕು, ಏಕೆಂದರೆ ಈ ದೋಷದ ಎಲ್ಲ ಗುರುತುಗಳೂ ಅಲ್ಲಿ ಒಟ್ಟಿಗಿದ್ದವು. ಇಳಿಜಾರಿನಲ್ಲಿ ಎರಡು ಸಾಲು ಗಿಡಗಳಿದ್ದವು. ಮೇಲಿನ ಸಾಲು ನಳನಳಿಸುತ್ತಿತ್ತು, ಕೆಳಗಿನ ಸಾಲಿನ ಏಳರಲ್ಲಿ ಐದು ಗಿಡ ಬಾಡಿದ್ದವು. ಎಲೆಗೆ ಎರಡು ಸಲ ತಾಮ್ರದ ಔಷಧಿ ಹೊಡೆದಾಗಿತ್ತು, ಅದರ ನೀಲಿ ಕಲೆ ಇನ್ನೂ ಮಾಸಿರಲಿಲ್ಲ. ನಾನು ಒಂದು ಗಿಡದ ಎಲೆಗಳನ್ನು ಒಟ್ಟಾಗಿ ಹಿಡಿದು ಮೆಲ್ಲಗೆ ಎತ್ತಿದರೆ ಬೇರು ನೆಲದಲ್ಲೇ ಉಳಿದು ಮೇಲಿನ ಗುಚ್ಛ ಮಾತ್ರ ಕೈಗೆ ಬಂತು. ಬುಡ ಕಂದು ಬಣ್ಣಕ್ಕೆ ತಿರುಗಿ, ಕೊಳೆತ ಆಲೂಗಡ್ಡೆಯಂತೆ ಬೆರಳಿಗೆ ಮೆತ್ತಗೆ ಹತ್ತಿತು; ವಾಸನೆಯೂ ಅದೇ. ನೆಲದಲ್ಲಿ ಉಳಿದಿದ್ದ ಬೇರನ್ನು ಅಗೆದು ತೆಗೆದು ಎರಡು ಬೆರಳ ನಡುವೆ ಎಳೆದಾಗ ಹೊರಸಿಪ್ಪೆ ಹಿತುಕಿದ ಅವರೆಯ ಸಿಪ್ಪೆಯಂತೆ ಜಾರಿಹೋಗಿ ಒಳಗಿನ ನೂಲೆಳೆಯಷ್ಟೇ ಉಳಿಯಿತು. ಆರೋಗ್ಯವಾದ ಬೇರು ಬೆಳ್ಳಗಿರುತ್ತದೆ, ಎಳೆದರೆ ಪಟಕ್ಕನೆ ತುಂಡಾಗುತ್ತದೆಯೇ ಹೊರತು ಸಿಪ್ಪೆ ಬಿಡುವುದಿಲ್ಲ. ಬೇರು ಕೊಳೆಯನ್ನು ಗುರುತಿಸಲು ಇದಕ್ಕಿಂತ ಸುಲಭವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಕಾರಣ ಮೂರು ಸೇರಿದ್ದವು. ಗಾಳಿಗೆ ಬೀಳದಿರಲೆಂದು ಗಿಡಗಳನ್ನು ಎರಡಿಂಚು ಆಳಕ್ಕೆ ಇಳಿಸಿ ನೆಟ್ಟಿದ್ದರು, ಎಲೆಗೊಬ್ಬರವನ್ನು ಸುಳಿ ಮುಚ್ಚುವವರೆಗೆ ತುಂಬಿದ್ದರು, ಮಾಡಿನ ನೀರೆಲ್ಲ ಇಳಿದು ಬಂದು ಕೆಳಸಾಲಿನಲ್ಲೇ ನಿಲ್ಲುತ್ತಿತ್ತು. “ಆಲೂಗಡ್ಡೆಗೆ ಮಣ್ಣು ಏರಿಸುವುದಿಲ್ಲವೇನೇ? ಏರಿಸಿದಷ್ಟೂ ಗಟ್ಟಿ ತಾನೇ?” ಎಂದು ದೊಡ್ಡಮ್ಮ ವಾದಿಸಿದರು. ನೀಲಗಿರಿಯಲ್ಲಿ ಆಲೂಗಡ್ಡೆ ಬೆಳೆದ ಕೈಗೆ ಅದು ಸಹಜವಾದ ತರ್ಕವೇ. ಆದರೆ ಫಾಕ್ಸ್‌ಗ್ಲೋವ್‌ನ ಎಲೆಗಳೆಲ್ಲ ಹೊರಡುವ ಸುಳಿಯು ನೆಲದ ಮಟ್ಟದಲ್ಲಿ, ಗಾಳಿಯಾಡುವಂತೆ ಇರಬೇಕು. ಅದು ಮಣ್ಣಿನೊಳಗೆ ಹೋಗಿ ಸುತ್ತ ನೀರು ನಿಂತರೆ ಪಿಥಿಯಂ, ಫೈಟಾಫ್ತರಾ ಎಂಬ, ನೀರಿನಲ್ಲಿ ಈಜಿ ಹರಡುವ ಶಿಲೀಂಧ್ರದಂಥ ಜೀವಿಗಳು ಬೇರಿಗೂ ಬುಡಕ್ಕೂ ನುಗ್ಗುತ್ತವೆ. ಎಲೆಯ ಮೇಲೆ ಹೊಡೆದ ಔಷಧಿ ಅವುಗಳನ್ನು ಮುಟ್ಟುವುದೇ ಇಲ್ಲ.

ಬುಡ ಮೆತ್ತಗಾದ ಗಿಡವನ್ನು ಉಳಿಸುವ ಪ್ರಯತ್ನ ವ್ಯರ್ಥ, ಸುತ್ತಲಿನ ಮಣ್ಣಿನ ಸಮೇತ ತೆಗೆದುಬಿಡಬೇಕು. ಬುಡ ಗಟ್ಟಿಯಿದ್ದು ಕೆಲವು ಬೇರುಗಳಷ್ಟೇ ಕಂದಾಗಿದ್ದರೆ ಗಿಡವನ್ನು ಎತ್ತಿ, ಕೆಟ್ಟ ಬೇರುಗಳನ್ನು ಶುದ್ಧವಾದ ಕತ್ತರಿಯಿಂದ ಕತ್ತರಿಸಿ, ಅರ್ಧದಷ್ಟು ಎಲೆಗಳನ್ನೂ ತೆಗೆದು, ಒಂದು ಗೇಣು ಎತ್ತರದ ಏರುಮಡಿಯಲ್ಲಿ ನೆಡಬಹುದು. ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಬೆರೆಸಿ ಹಾಕಿದರೆ ಒಳ್ಳೆಯದು, ಆದರೆ ನೀರು ಬಸಿಯದ ಜಾಗದಲ್ಲಿ ಟ್ರೈಕೋಡರ್ಮಾವೂ ಏನೂ ಮಾಡಲಾರದು. ಜಾಗದ ಅನುಮಾನವಿದ್ದರೆ ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೆಯ ಸಲದ ನೀರು ನಾಲ್ಕು ಗಂಟೆ ಕಳೆದರೂ ನಿಂತಿದ್ದರೆ ಬಸಿಗಾಲುವೆ ತೆಗೆಯದೆ ಅಲ್ಲಿ ಗಿಡ ಇಡಬಾರದು. ಇನ್ನೊಂದು ವಿಷಯ ನೆನಪಿರಲಿ. ನೀಲಗಿರಿಯ ಪಡುವಣ ಮಗ್ಗುಲಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಜೋರು, ಕೂನೂರು, ಕೋಟಗಿರಿಗಳಿಗೆ ಅಕ್ಟೋಬರ್, ನವೆಂಬರ್‌ನ ಹಿಂಗಾರೇ ದೊಡ್ಡ ಮಳೆ. ಆದ್ದರಿಂದ ಗೂಡಲೂರಿನವರು ಹೇಳಿದ ನಾಟಿಯ ತಿಂಗಳು ಕೋಟಗಿರಿಗೆ ಹೊಂದುವುದಿಲ್ಲ.

ಬುಡ ಗಟ್ಟಿಯಿದ್ದು, ಬೇರು ಕಡಿದಂತೆ ತುಂಡಾಗಿದ್ದರೆ ಮಣ್ಣಿನಲ್ಲಿ ಗೊಣ್ಣೆಹುಳುವಿಗಾಗಿ ಹುಡುಕಬೇಕು; ಎಳೆಯ ಸಸಿ ನೆಲಮಟ್ಟಕ್ಕೆ ಕತ್ತರಿಸಿ ಬಿದ್ದಿದ್ದರೆ ಅದು ಕತ್ತರಿ ಹುಳುವಿನ ಕೆಲಸ, ಹುಳು ಹಗಲು ಅಲ್ಲೇ ಒಂದಿಂಚು ಕೆಳಗೆ ಸುರುಳಿ ಸುತ್ತಿ ಮಲಗಿರುತ್ತದೆ. ಎರಡನ್ನೂ ಕೈಯಿಂದ ಆರಿಸಿ ತೆಗೆಯುವುದೇ ಕೈತೋಟಕ್ಕೆ ಸಾಕಾದ ಉಪಾಯ. ರಾತ್ರಿ ಕಾಟಿ ಬಂದು ಮೆಟ್ಟಿದ್ದರೆ ಅದಕ್ಕೆ ಈ ಕೈಪಿಡಿಯಲ್ಲಿ ಪರಿಹಾರವಿಲ್ಲ.

ಹೂವೇ ಬಿಡಲಿಲ್ಲ, ಅಥವಾ ಹೂ ಬಿಟ್ಟು ಸತ್ತಿತು

ಈ ಎರಡು ದೂರುಗಳೂ ಒಂದೇ ಅರಿವಿನ ಕೊರತೆಯಿಂದ ಹುಟ್ಟಿದವು. ಫಾಕ್ಸ್‌ಗ್ಲೋವ್ ಎರಡು ವರ್ಷದ ಗಿಡ. ಮೊದಲ ವರ್ಷ ಎಲೆಗಳ ಗುಚ್ಛ ಮಾತ್ರ. ಎರಡನೆಯ ವರ್ಷ ನಾಲ್ಕೈದು ಅಡಿ ಎತ್ತರದ ಕಡ್ಡಿ ಏರಿ, ಎಳ್ಳಿನ ಹೂವನ್ನು ಹಿಗ್ಗಿಸಿದಂಥ ಹೂವುಗಳು ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗಿ, ಬೀಜ ಕಟ್ಟಿ, ಗಿಡ ಸಾಯುತ್ತದೆ. ಪ್ರದರ್ಶನದ ದಿನಗಳಲ್ಲಿ ಹೂವಿರುವ ಕುಂಡವನ್ನು ಕೊಂಡು ತಂದವರ ಮನೆಯಲ್ಲಿ ಅದು ಜುಲೈ ಹೊತ್ತಿಗೆ ಒಣಗಿದರೆ ಮಾರಿದವರದ್ದೂ ತಪ್ಪಲ್ಲ, ಸಾಕಿದವರದ್ದೂ ತಪ್ಪಲ್ಲ. ಮುಖ್ಯ ಕಡ್ಡಿಯ ಹೂವು ಮುಗಿಯುತ್ತ ಬಂದಂತೆ, ಬೀಜ ಬಲಿಯುವ ಮೊದಲೇ ಅದನ್ನು ಕತ್ತರಿಸಿದರೆ ಪಕ್ಕದಿಂದ ಸಣ್ಣ ಕಡ್ಡಿಗಳು ಬರುತ್ತವೆ, ಕೆಲವೊಮ್ಮೆ ಗಿಡ ಇನ್ನೊಂದು ವರ್ಷ ಬದುಕುವುದೂ ಉಂಟು.

ಎರಡನೆಯ ವರ್ಷವೂ ಕಡ್ಡಿ ಬಾರದಿದ್ದರೆ ಚಳಿಯ ಲೆಕ್ಕ ಹಾಕಬೇಕು. ಹಳೆಯ ತಳಿಗಳ ಗಿಡ ಎಂಟು ಹತ್ತು ಎಲೆಗಳಷ್ಟು ಬೆಳೆದ ಮೇಲೆ ಸುಮಾರು ಎರಡು ತಿಂಗಳು 10 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಅಥವಾ ಅದಕ್ಕಿಂತ ಕೆಳಗಿನ ಚಳಿಯನ್ನು ಉಣ್ಣಬೇಕು, ಆಮೇಲಷ್ಟೇ ಅದರೊಳಗೆ ಹೂವಿನ ಮೊಗ್ಗು ರೂಪುಗೊಳ್ಳುತ್ತದೆ. 2,240 ಮೀಟರ್ ಎತ್ತರದ ಊಟಿಯಲ್ಲಿ ಇದು ತಾನಾಗಿ ಆಗುತ್ತದೆ. 1,850 ಮೀಟರಿನ ಕೂನೂರಿನಲ್ಲಿ ಬೆಚ್ಚಗಿನ ಗೋಡೆಯ ಪಕ್ಕ ನೆಟ್ಟ ಗಿಡ ಕೆಲವು ವರ್ಷ ಕೈಕೊಡುತ್ತದೆ. ಸಾವಿರ ಮೀಟರಿನ ಆಸುಪಾಸಿನ ಗೂಡಲೂರು, ಹೊಸೂರುಗಳಲ್ಲಿ ಹಳೆಯ ತಳಿಯನ್ನು ನಂಬಿ ಕೂರುವುದು ಬೇಡ. ಊಟಿಯಲ್ಲೂ ಅಕ್ಟೋಬರ್‌ನಲ್ಲಿ ಬಿತ್ತಿ ಮೇ ತಿಂಗಳಲ್ಲಿ ಹೂ ಕಾಣಲಿಲ್ಲವೆಂದರೆ ಆಶ್ಚರ್ಯವಿಲ್ಲ: ಚಳಿ ಬಂದಾಗ ಸಸಿ ಇನ್ನೂ ಕೂಸು, ಕೂಸಿಗೆ ಚಳಿ ತಾಗಿದರೂ ಲೆಕ್ಕಕ್ಕೆ ಬರುವುದಿಲ್ಲ. ಮೇ, ಜೂನ್‌ನಲ್ಲಿ ಮಾಡಿನ ಕೆಳಗೆ ಸಸಿಮಡಿ ಮಾಡಿ, ಸೆಪ್ಟೆಂಬರ್‌ನಲ್ಲಿ ನೆಟ್ಟ ಗಿಡವೇ ಮರುವರ್ಷದ ಬೇಸಿಗೆಯಲ್ಲಿ ಹೂ ಕೊಡುವುದು. ತಗ್ಗಿನ ಊರುಗಳವರಿಗೆ ಚಳಿಯ ಹಂಗಿಲ್ಲದ ತಳಿಗಳಿವೆ. 1967ರಲ್ಲಿ ಅಮೆರಿಕದಲ್ಲಿ ಪ್ರಶಸ್ತಿ ಪಡೆದ ‘ಫಾಕ್ಸಿ’ ಬಿತ್ತಿದ ಐದು ತಿಂಗಳಿಗೆ ಹೂ ಬಿಡುತ್ತದೆ, ‘ಕ್ಯಾಮೆಲಾಟ್’, ‘ಡಾಲ್ಮೇಷಿಯನ್’ಗಳೂ ಮೊದಲ ವರ್ಷವೇ ಹೂವಿಗೆ ಬರುತ್ತವೆ. ಹೊಸೂರಿನಲ್ಲಿ ಇವುಗಳನ್ನು ಜುಲೈ, ಆಗಸ್ಟ್‌ನಲ್ಲಿ ಬಿತ್ತಿ ಚಳಿಗಾಲದ ಹೂವಾಗಿ ಬೆಳೆದು, ಬೇಸಿಗೆಗೆ ಮುಂಚೆ ಕಿತ್ತುಹಾಕುವುದೇ ಲೇಸು.

ಎಲೆಯ ಕಲೆಗಳು

ಬುಡವೂ ವಯಸ್ಸೂ ಸರಿಯಿವೆ ಎಂದು ಖಚಿತವಾದ ಮೇಲೆ ಎಲೆಗೆ ಬರಬಹುದು. ಎಲೆಯ ಎರಡೂ ಬದಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ನಡುವೆ ಬಿಳಿಚಿಕೊಂಡು ಅಂಚಿನಲ್ಲಿ ನೇರಳೆ ಅಥವಾ ಕಂದು ಬಣ್ಣವಿರುವ ದುಂಡು ಕಲೆಗಳು ಸಾಮಾನ್ಯವಾದ ಎಲೆಚುಕ್ಕೆ ರೋಗದವು. ಕಪ್ಪುಗೆಂಪಿನ ಸಣ್ಣ ಕಲೆಗಳು ನರದ ಮೇಲೂ ತೊಟ್ಟಿನ ಮೇಲೂ ಕುಳಿಬಿದ್ದಂತೆ ಕಂಡರೆ ಚಿಬ್ಬು ರೋಗ. ಎರಡಕ್ಕೂ ಕಲೆಯಾದ ಎಲೆಗಳನ್ನು ತೆಗೆಯುವುದು, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂತರವಿರುವಂತೆ ಮಾಡುವುದು, ನೀರನ್ನು ಎಲೆಯ ಮೇಲೆ ಸುರಿಯದೆ ಬುಡದ ಸುತ್ತ ಕೊಡುವುದು ಮೊದಲ ಚಿಕಿತ್ಸೆ. ಮಳೆಗಾಲಕ್ಕೆ ಮುಂಚೆ ಮೈಲುತುತ್ತ, ಸುಣ್ಣ ಕಲಸಿ ಮಾಡುವ ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸಿದರೆ ಹರಡುವಿಕೆ ತಗ್ಗುತ್ತದೆ. ಚಿಬ್ಬು ಬಿದ್ದ ಗಿಡದ ಬೀಜವನ್ನು ಇಟ್ಟುಕೊಳ್ಳಬಾರದು, ರೋಗ ಬೀಜದೊಡನೆ ಬರುತ್ತದೆ.

ಕಲೆ ದುಂಡಗಿರದೆ, ಎಲೆಯ ನರಗಳೇ ಗಡಿ ಹಾಕಿದಂತೆ ಚೌಕಚೌಕವಾಗಿದ್ದರೆ ಎರಡು ಸಾಧ್ಯತೆಗಳಿವೆ. ಕೆಳಬದಿಯಲ್ಲಿ ಬೆಳಗಿನ ಹೊತ್ತು ಬೂದುಬಿಳಿಯ ತುಪ್ಪಟ ಕಂಡರೆ ಬೂಜು ತುಪ್ಪಟ ರೋಗ. ತುಪ್ಪಟವಿಲ್ಲದೆ ಚೌಕಗಳು ಕಂದಾಗಿ ಕಪ್ಪಾಗುತ್ತ ಕೆಳಗಿನ ಎಲೆಯಿಂದ ಮೇಲಕ್ಕೆ ಏರುತ್ತಿದ್ದರೆ ಎಲೆಯೊಳಗೆ ನೆಮಟೋಡ್ ಎಂಬ ಸೂಕ್ಷ್ಮ ಜಂತುಗಳಿರುವ ಸಂಶಯ ಪಡಬೇಕು. ಕಲೆ ಮತ್ತು ಹಸಿರು ಸೇರುವ ಜಾಗದ ಎಲೆಯನ್ನು ಸಣ್ಣಗೆ ಹರಿದು ಗಾಜಿನ ಲೋಟದ ತಿಳಿನೀರಿನಲ್ಲಿ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಲೋಟದ ಹಿಂದೆ ಕಪ್ಪು ಬಟ್ಟೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಬಿಳಿ ಕೂದಲ ತುಣುಕಿನಂಥವು ಹೊರಳಾಡುವುದು ಕಾಣುತ್ತದೆ. ಕಂಡರೆ ಆ ಗಿಡಕ್ಕೆ ಯಾವ ಸಿಂಪಡಣೆಯೂ ಬೇಡ, ಕಿತ್ತುಹಾಕಿ. ಈ ಲೋಟವನ್ನು ಅಡುಗೆಮನೆಗೆ ಮರಳಿ ಸೇರಿಸಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಫೆಬ್ರವರಿ, ಮಾರ್ಚ್‌ನ ಒಣಹವೆಯಲ್ಲಿ ಎಲೆಯ ಮೇಲೆ ವಿಭೂತಿ ಚಿಮುಕಿಸಿದಂತಾಗುವುದು ಬೂದಿ ರೋಗ. ನೀರಿನಲ್ಲಿ ಕದಡುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಬಿಸಿಲೇರುವ ಮೊದಲು ಸಿಂಪಡಿಸಬೇಕು. ಹೂಗಡ್ಡಿಯ ತುದಿಗೆ ಮುತ್ತುವ ಗಿಡಹೇನಿಗೆ ಸಾಬೂನು ಬೆರೆಸಿದ ಬೇವಿನ ಎಣ್ಣೆ, ಲೀಟರಿಗೆ 5 ಮಿ.ಲೀ., ಸಾಕು. ಎಲೆಯಲ್ಲಿ ಅಂಕುಡೊಂಕು ತೂತುಗಳಿದ್ದು ಬೆಳಿಗ್ಗೆ ಅಂಟಿನ ಬೆಳ್ಳಿಗೆರೆ ಕಂಡರೆ ಅದು ಬಸವನಹುಳುವಿನ ದಾರಿ, ರಾತ್ರಿ ಟಾರ್ಚು ಹಿಡಿದು ಹೋದರೆ ಆಸಾಮಿಯೇ ಸಿಗುತ್ತಾನೆ.

ಹಳದಿ ಬಣ್ಣದ ವಿಷಯದಲ್ಲಿ ಯಾವ ಎಲೆ ಹಳದಿಯಾಗಿದೆ ಎಂಬುದೇ ಉತ್ತರ. ತೀರ ಕೆಳಗಿನ ಒಂದೆರಡು ಎಲೆ ಹಳದಿಯಾಗಿ ಉದುರುವುದು ಮುಪ್ಪು. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣ ಸಿಗುತ್ತಿಲ್ಲ. ಇದನ್ನು ನಾನು ಕಂಡಿರುವುದು ನೀಲಗಿರಿಯಲ್ಲಲ್ಲ, ಕೊಳವೆಬಾವಿಯ ಗಡಸು ನೀರು ಹಾಕುವ ಹೊಸೂರು, ತಾಳವಾಡಿಯ ಕಡೆಯ ಕುಂಡಗಳಲ್ಲಿ. ನಮ್ಮ ಬೆಟ್ಟದ ಕಷ್ಟ ಇದಕ್ಕೆ ತದ್ವಿರುದ್ಧವಾದದ್ದು. ಫಾಕ್ಸ್‌ಗ್ಲೋವ್‌ಗೆ ತುಸು ಹುಳಿಮಣ್ಣು, ಅಂದರೆ ರಸಸಾರ (pH) 5.5ರಿಂದ 6.5, ಹಿತ, ಟೀ ತೋಟದ ಮಣ್ಣು ಇದಕ್ಕಿಂತಲೂ ಹುಳಿಯಾಗಿರುವುದುಂಟು, ಅಂಥಲ್ಲಿ ಗಿಡ ರೋಗವಿಲ್ಲದೆಯೂ ಕುಳ್ಳಗೆ ಉಳಿಯುತ್ತದೆ. ಹುಳಿ ತಗ್ಗಿಸಲು ಟೀಗೆ ಹಾಕುವ ಡೊಲೊಮೈಟ್ ಕಲ್ಲಿನ ಪುಡಿಯನ್ನೇ ಪಾತಿಗೆ ಒಂದೊಂದು ಹಿಡಿ ಬೆರೆಸಬಹುದು. ಟೀಗೆ ಹಾಕುವ ಯೂರಿಯಾವನ್ನು ಮಾತ್ರ ಇಲ್ಲಿಗೆ ತರಬೇಡಿ: ಎಲೆ ತಟ್ಟೆಯಗಲವಾಗುತ್ತದೆ, ಕಡ್ಡಿ ಜೊಳ್ಳಾಗಿ ಮೊದಲ ಗಾಳಿಗೇ ಮಲಗುತ್ತದೆ.

ಹೂವಿನ ವಿಚಿತ್ರಗಳು

ಕಡ್ಡಿಯ ತುತ್ತತುದಿಯಲ್ಲಿ, ಬೇರೆ ಹೂವುಗಳಂತೆ ಜೋತ ಗಂಟೆಯಾಗದೆ, ಆಕಾಶ ನೋಡುವ ಬಟ್ಟಲಿನಂಥ ದೊಡ್ಡ ಹೂವೊಂದು ಎಲ್ಲಕ್ಕಿಂತ ಮೊದಲು ಅರಳಿದರೆ ವೈರಸ್ ಎಂದು ಗಾಬರಿಪಡುವವರಿದ್ದಾರೆ. ಅದು ವಂಶವಾಹಿಯ ಗುಣ, ರೋಗವಲ್ಲ. ಆ ಗಿಡದ ಬೀಜ ಹಾಕಿದರೆ ಮತ್ತೆ ಕಾಣಬಹುದು. ಬಿಳಿಯ ಬೀಜವೆಂದು ತಂದದ್ದರಲ್ಲಿ ನೇರಳೆ ಹೂವು ಬಂದರೆ ಜೇನ್ನೊಣದ ಕೃಪೆಯಿಂದ ಬೀಜ ಬೆರಕೆಯಾಗಿದೆ. ಇದನ್ನು ಹೂ ಬಿಡುವವರೆಗೆ ಕಾಯದೆ ಸಸಿಯಲ್ಲೇ ಪತ್ತೆ ಹಚ್ಚಬಹುದು: ಎಲೆಯ ತೊಟ್ಟಿನಲ್ಲಿ ನೇರಳೆ ಛಾಯೆಯಿದ್ದದ್ದು ನೇರಳೆ ಹೂವಿನದು, ಶುದ್ಧ ಹಸಿರು ತೊಟ್ಟಿನದು ಬಿಳಿಯದಾಗುವ ಸಂಭವ ಹೆಚ್ಚು. ಕಡ್ಡಿ ಡೊಂಕಾಗುತ್ತಿದ್ದರೆ ಒಂದೇ ಬದಿಯಿಂದ ಬೆಳಕು ಬರುತ್ತಿದೆ, ಮುಂಗಾರಿನ ಗಾಳಿಗೆ ಮುರಿಯುವ ಮೊದಲು ಊರುಗೋಲು ಕೊಡಬೇಕು.

ಬೀಜ ಮೊಳೆಯಲಿಲ್ಲ

ಇದರಲ್ಲಿ ನನ್ನದೇ ತಪ್ಪನ್ನು ಹೇಳಿಕೊಳ್ಳಬೇಕು. ಮೊದಲ ಸಲ ಬೀಜ ತಂದಾಗ, ಮೆಂತ್ಯ ಬಿತ್ತಿ ಅಭ್ಯಾಸವಿದ್ದ ಕೈ ಇದನ್ನೂ ಬೆರಳಿನಷ್ಟು ಮಣ್ಣು ಮುಚ್ಚಿ ಬಿತ್ತಿತು. ಐದು ವಾರ ಕಾದೆ, ಒಂದೂ ಮೊಳೆಯಲಿಲ್ಲ, ಬೀಜದ ಅಂಗಡಿಯವರನ್ನು ಮನಸಾರೆ ಬೈದೆ. ಅದೇ ಹೊತ್ತಿಗೆ ನಮ್ಮ ನಾದಿನಿ, ಖಾಲಿಯೆಂದು ಪೊಟ್ಟಣ ಕೊಡವಿದ್ದ ನಲ್ಲಿಕಟ್ಟೆಯ ಪಾಚಿಯ ಮೇಲೆ ಸಾಸಿವೆಗಿಂತ ಸಣ್ಣ ಹಸಿರು ಎಲೆಗಳನ್ನು ತೋರಿಸಿ, “ಅತ್ತಿಗೆ, ಇದು ನಿಮ್ಮ ಹೂವಿನ ಗಿಡವೇ ಇರಬೇಕು ನೋಡಿ” ಎಂದಳು. ಫಾಕ್ಸ್‌ಗ್ಲೋವ್ ಬೀಜ ರಾಗಿಗಿಂತಲೂ ಎಷ್ಟೋ ಸಣ್ಣದು, ಗಸಗಸೆಯನ್ನು ಪುಡಿ ಮಾಡಿದಂತಿರುತ್ತದೆ, ಅದಕ್ಕೆ ಮೊಳೆಯಲು ಬೆಳಕು ಬೇಕು. ಒದ್ದೆ ಮಾಡಿದ ನುಣುಪು ಮಣ್ಣಿನ ಮೇಲೆ ಒಣ ಮರಳು ಬೆರೆಸಿ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಮುಚ್ಚದೆ ಬಿಡಬೇಕು. ನೀರನ್ನು ಮೇಲಿನಿಂದ ಹೊಯ್ಯದೆ ತಟ್ಟೆಯನ್ನು ಕೆಳಗಿನಿಂದ ನೆನೆಯಿಸಬೇಕು. 15ರಿಂದ 20 ಡಿಗ್ರಿ ಉಷ್ಣತೆಯಲ್ಲಿ ಎರಡು ಮೂರು ವಾರಕ್ಕೆ ಮೊಳಕೆ ಬರುತ್ತದೆ. ಬಂದ ಸಸಿಗಳು ಬುಡದಲ್ಲಿ ನೂಲಿನಂತೆ ಸಣ್ಣಗಾಗಿ ಗುಂಪುಗುಂಪಾಗಿ ಮಲಗಿದರೆ ದಟ್ಟವಾಗಿ ಬಿತ್ತಿದ್ದೂ ನೀರು ಹೆಚ್ಚಾದದ್ದೂ ಕಾರಣ. ಉಳಿದವನ್ನು ಬೇರೆ ತಟ್ಟೆಗೆ ಬಿಡಿಬಿಡಿಯಾಗಿ ದಾಟಿಸಿ.

ಕಾಸರಗೋಡಿನಲ್ಲಿರುವ ನಮ್ಮ ಚಿಕ್ಕಪ್ಪನ ಮನೆಯವರು ಪ್ರತಿ ವರ್ಷ ಸಸಿ ಕೇಳುತ್ತಾರೆ, ನಾನು ಕೊಡುವುದಿಲ್ಲ. ಕರಾವಳಿಯ ರಾತ್ರಿಯ ಸೆಕೆಯಲ್ಲಿ ಅದು ಸೊರಗಿ, ಆಟಿಯ ಮಳೆಗೆ ಸುಳಿ ಕೊಳೆಯುತ್ತದೆ. ಅದಕ್ಕೆ ಅಲ್ಲಿ ಯಾವ ಮದ್ದೂ ಇಲ್ಲ. ಅವರಿಗೆ ಆಂಜೆಲೋನಿಯಾ ನೆಡಲು ಹೇಳಿದ್ದೇನೆ, ಅದು ಇದೇ ಕುಟುಂಬದ ಗಿಡ, ಕಡ್ಡಿಯುದ್ದಕ್ಕೂ ಹೂ ಬಿಡುತ್ತದೆ, ಸೆಕೆಗೆ ಬೆದರುವುದಿಲ್ಲ.

ಕಿತ್ತ ಗಿಡಗಳನ್ನು ಏನು ಮಾಡಬೇಕೆಂಬುದು ಉಳಿದ ಕೊನೆಯ ವಿಷಯ. ಕೊಳೆತದ್ದನ್ನೂ ನೆಮಟೋಡ್ ಹಿಡಿದದ್ದನ್ನೂ ಗೊಬ್ಬರದ ಗುಂಡಿಗೆ ಹಾಕದೆ, ಹೂವಿನ ಮಡಿಗಳಿಂದ ದೂರದಲ್ಲಿ ಎರಡಡಿ ಆಳಕ್ಕೆ ಹೂಳಬೇಕು. ಆರೋಗ್ಯವಾಗಿಯೇ ಹೂ ಮುಗಿಸಿ ಒಣಗಿದ ಗಿಡವನ್ನೂ ಬೇಲಿಯಾಚೆ ಎಸೆಯಬಾರದು, ಏಕೆಂದರೆ ಹಸಿ ಎಲೆಯ ಕಹಿಗೆ ಮೂತಿ ತಿರುಗಿಸುವ ದನ ಒಣಹುಲ್ಲಿನ ಜೊತೆ ಬೆರೆತ ಒಣ ಎಲೆಯನ್ನು ಗೊತ್ತಾಗದೆ ತಿಂದುಬಿಡುತ್ತದೆ.